ಐದು ಸೆನ್ಸರ್, ಐದು ದ್ರವ: ಅಣುಗಳ ಸೆಳೆತ ತೋರಿಸುವ ಸ್ಟ್ಯಾಂಡ್ ಕಟ್ಟಿದ ಬಗೆ

ಪಿಯುಸಿ ಮಕ್ಕಳನ್ನು ಅಣುಗಳ ನಡುವಿನ ಬಲಗಳ ಬಗ್ಗೆ ಕೇಳಿ ನೋಡಿ, ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಹೈಡ್ರೋಜನ್ ಬಂಧ ಎಲ್ಲಕ್ಕಿಂತ ಗಟ್ಟಿ, ಆಮೇಲೆ ಡೈಪೋಲ್-ಡೈಪೋಲ್, ಕೊನೆಗೆ ಲಂಡನ್ ಬಲ, ಅದು ತೀರಾ ದುರ್ಬಲ. (ಆಕ್ಸಿಜನ್‌ನಂಥದ್ದಕ್ಕೆ ಅಂಟಿದ ಹೈಡ್ರೋಜನ್ ಪಕ್ಕದ ಅಣುವನ್ನು ಸೆಳೆದರೆ ಹೈಡ್ರೋಜನ್ ಬಂಧ. ಒಂದು ತುದಿ ಸ್ವಲ್ಪ ಧನ, ಇನ್ನೊಂದು ಸ್ವಲ್ಪ ಋಣ ಇರುವ ಅಣು ಡೈಪೋಲ್, ಅಂಥವುಗಳ ಸೆಳೆತ ಡೈಪೋಲ್-ಡೈಪೋಲ್. ಇಲೆಕ್ಟ್ರಾನುಗಳ ಓಲಾಟದಿಂದ ಎಲ್ಲ ಅಣುಗಳ ನಡುವೆಯೂ ಹುಟ್ಟುವ ಸೆಳೆತ ಲಂಡನ್ ಬಲ.) ಪರೀಕ್ಷೆಗೆ ಇಷ್ಟು ಸಾಕು. ಹಾಗಾದರೆ ನೀರು ದ್ರವ, ಮೇಣದಬತ್ತಿಯ ಮೇಣ ಗಟ್ಟಿ, ಇದು ಹೇಗೆ ಅಂತ ಕೇಳಿದರೆ ಕ್ಲಾಸು ಸುಮ್ಮನಾಗುತ್ತದೆ. ಮೇಣದಲ್ಲಿ ಹೈಡ್ರೋಜನ್ ಬಂಧದ ಸುಳಿವೇ ಇಲ್ಲ, ಅಲ್ಲಿರುವುದು ಬರೀ ಲಂಡನ್ ಬಲ. ಆ ಪಟ್ಟಿ ಸುಳ್ಳಲ್ಲ, ಆದರೆ ಅದಕ್ಕೊಂದು ಷರತ್ತು ಇದೆ. ಅಣುಗಳ ಗಾತ್ರ ಸುಮಾರು ಒಂದೇ ಇದ್ದಾಗ ಮಾತ್ರ ಅದು ನಡೆಯುತ್ತದೆ. ಈ ಷರತ್ತನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಮಕ್ಕಳ ತಲೆಯಲ್ಲಿ ನಿಲ್ಲುವುದಿಲ್ಲ. ಎನ್‌ಸಿಇಆರ್‌ಟಿಯವರು ಪಠ್ಯ ಕಡಿತ ಮಾಡಿದಾಗ ಹನ್ನೊಂದನೇ ತರಗತಿಯ ರಸಾಯನಶಾಸ್ತ್ರದಿಂದ ದ್ರವ್ಯದ ಸ್ಥಿತಿಗಳ ಪಾಠವನ್ನೇ ಪೂರ್ತಿ ತೆಗೆದರು. ಲಂಡನ್ ಬಲಕ್ಕೆ ಸರಿಯಾದ ಜಾಗ ಇದ್ದದ್ದೇ ಅಲ್ಲಿ. ಈಗ ರಾಸಾಯನಿಕ ಬಂಧದ ಪಾಠದ ಕೊನೆಯಲ್ಲಿ ಹೈಡ್ರೋಜನ್ ಬಂಧ ಮಾತ್ರ ಉಳಿದಿದೆ. ಹಾಗಾಗಿ ಕಣ್ಣಿಗೆ ಕಾಣುವಂಥ ಒಂದು ಸಾಧನ ಬೇಕಿತ್ತು.

ಉಪಾಯ ಹಳೆಯದು. ಥರ್ಮಾಮೀಟರಿನ ತುದಿಗೆ ಕಾಗದ ಸುತ್ತಿ, ದ್ರವದಲ್ಲಿ ಅದ್ದಿ, ಮೇಲೆತ್ತಿ ಗಾಳಿಗೆ ಹಿಡಿಯಿರಿ. ದ್ರವ ಆವಿಯಾಗುತ್ತ ತುದಿಯ ಶಾಖವನ್ನು ಎಳೆದುಕೊಳ್ಳುತ್ತದೆ, ಉಷ್ಣಾಂಶ ಇಳಿಯುತ್ತದೆ. ಅಣುಗಳು ಒಂದನ್ನೊಂದು ಸಡಿಲವಾಗಿ ಹಿಡಿದಿದ್ದರೆ ಬೇಗ ಹಾರುತ್ತವೆ, ಜಾಸ್ತಿ ಇಳಿಯುತ್ತದೆ. ಬಿಗಿಯಾಗಿ ಹಿಡಿದಿದ್ದರೆ ನಿಧಾನ. ಒಂದೊಂದೇ ದ್ರವ ಮಾಡಿದರೆ ಹೋಲಿಕೆ ಸಿಗುವುದಿಲ್ಲ, ಅಷ್ಟರಲ್ಲಿ ಯಾರೋ ಫ್ಯಾನ್ ಹಾಕಿರುತ್ತಾರೆ, ಬಾಗಿಲು ತೆರೆದಿರುತ್ತಾರೆ. ಐದೂ ದ್ರವ ಒಂದೇ ಕ್ಷಣದಲ್ಲಿ ಮೇಲೇಳಬೇಕು, ಐದೂ ಗೆರೆ ಒಂದೇ ಪರದೆಯಲ್ಲಿ ಕಾಣಬೇಕು. ಕಟ್ಟಿದ್ದು ಇದಕ್ಕೆ.

ದ್ರವಗಳ ಆಯ್ಕೆಗೇ ಜಾಸ್ತಿ ತಲೆ ಕೆಡಿಸಿಕೊಂಡೆ, ಯಾಕೆಂದರೆ ಪಾಠ ಇರುವುದೇ ಅಲ್ಲಿ. ಮೊದಲು ಅಸಿಟೋನ್ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲ್. ಎರಡನೆಯದು ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡ್ ತೊಳೆಯಲು ಇಟ್ಟುಕೊಳ್ಳುವ ಐಪಿಎ. ಅಸಿಟೋನಿನ ಅಣುತೂಕ 58, ಐಪಿಎಯದ್ದು 60, ಹೆಚ್ಚುಕಡಿಮೆ ಒಂದೇ. ಆದರೆ ಅಸಿಟೋನಿನಲ್ಲಿ ಆಕ್ಸಿಜನ್‌ಗೆ ಅಂಟಿದ ಹೈಡ್ರೋಜನ್ ಇಲ್ಲ, ಹಾಗಾಗಿ ತನ್ನ ಪಕ್ಕದ ಅಸಿಟೋನ್ ಜೊತೆ ಹೈಡ್ರೋಜನ್ ಬಂಧ ಕಟ್ಟಲು ಬರುವುದಿಲ್ಲ. ಐಪಿಎಗೆ ಬರುತ್ತದೆ. ಮೂರನೆಯದು ಹೆಪ್ಟೇನ್. ಇಂಗಾಲ ಮತ್ತು ಹೈಡ್ರೋಜನ್‌ನ ಸರಪಳಿ, ಅಣುತೂಕ 100. ಡೈಪೋಲ್ ಹುಡುಕಿದರೂ ಇಲ್ಲ. ಎಷ್ಟೋ ಕಡೆ ಹೆಕ್ಸೇನ್ ಬಳಸುತ್ತಾರೆ, ಆದರೆ ಎನ್-ಹೆಕ್ಸೇನ್ ಆವಿಯನ್ನು ದಿನವೂ ಉಸಿರಾಡಿದರೆ ನರಗಳಿಗೆ ಹಾನಿ. ವರ್ಷವಿಡೀ ಲ್ಯಾಬಿನಲ್ಲೇ ಇರುವ ನಮಗೆ ಹೆಪ್ಟೇನ್ ವಾಸಿ. ನಾಲ್ಕನೆಯದು ಬ್ಯುಟನ್-1-ಆಲ್, ಅಣುತೂಕ 74. ಐದನೆಯದು ನೀರು, 18.

ಈಗ ಸ್ಟ್ಯಾಂಡ್. ಅಕ್ರಿಲಿಕ್ ಶೀಟ್ ಕತ್ತರಿಸಿ ಮಾಡಿದರೆ ಚೆಂದ ಕಾಣುತ್ತದೆ, ಆದರೆ ಅಸಿಟೋನಿನ ಒಂದು ಹನಿ ಬಿದ್ದರೆ ಅದು ಮಂಜಾಗಿ ಸಣ್ಣ ಬಿರುಕು ಬಿಡುತ್ತದೆ. ಪಿವಿಸಿ ಪೈಪ್ ಮೆತ್ತಗಾಗುತ್ತದೆ. ಥರ್ಮಾಕೋಲ್ ಅಂತೂ ಕಣ್ಣೆದುರೇ ಕುಸಿದು ಅಂಟಾಗುತ್ತದೆ. ಇದೂ ಇದೇ ಪಾಠದ ಇನ್ನೊಂದು ಮುಖ ಅಲ್ವಾ? ಪ್ಲಾಸ್ಟಿಕ್ಕಿನ ಉದ್ದ ಸರಪಳಿಗಳು ಪರಸ್ಪರ ಹಿಡಿದುಕೊಂಡಿರುವುದೂ ಅಣುಗಳ ನಡುವಿನ ಬಲದಿಂದಲೇ. ಅಸಿಟೋನ್ ನಡುವೆ ನುಗ್ಗಿ ಆ ಹಿಡಿತವನ್ನು ತಾನು ತೆಗೆದುಕೊಳ್ಳುತ್ತದೆ, ಸರಪಳಿಯ ಒಳಗಿನ ಬಂಧಗಳು ಹಾಗೇ ಇರುತ್ತವೆ. ಹೀಗಾಗಿ ಮರವೇ ಸರಿ ಅಂತ ತೀರ್ಮಾನಿಸಿ ಪಕ್ಕದ ಆಚಾರಿಯ ಹತ್ತಿರ ಉಳಿದಿದ್ದ ಹಲಸಿನ ಹಲಗೆ ತುಂಡು ತೆಗೆದುಕೊಂಡೆ. "ಪಾಲಿಶ್ ಹಾಕದಿದ್ರೆ ಚೆಂದ ಕಾಣೂದಿಲ್ಲ ಮಾಸ್ತರ್ರೇ" ಅಂದರು. ಬೇಡ ಅಂತ ಹೇಳಿ ಕಾರಣವನ್ನೂ ಹೇಳಿದೆ. ಅರಗಿನ ಪಾಲಿಶನ್ನು ಸ್ಪಿರಿಟ್‌ನಲ್ಲಿ ಕರಗಿಸುವವರು ಅವರೇ, ಐಪಿಎ ಹನಿ ಬಿದ್ದರೆ ಅದೂ ಕರಗುತ್ತದೆ ಅಂತ ತಕ್ಷಣ ಅರ್ಥವಾಯಿತು.

ರಚನೆ ಸರಳ. ಒಂದು ಪೀಠ, ಎರಡು ಕಂಬ, ಕಂಬಗಳ ನಡುವೆ ಮೇಲೆ ಕೆಳಗೆ ಜಾರುವ ಅಡ್ಡಪಟ್ಟಿ. ಪಟ್ಟಿಯಲ್ಲಿ ಸೆನ್ಸರ್ ತೂರುವ ತೂತುಗಳು, ಒಂದು ಜಾಸ್ತಿಯೇ ಇರಲಿ ಅಂತ ಆರು ಹೊಡೆಸಿದೆ. ತೂತು ಸ್ವಲ್ಪ ಬಿಗಿಯಾಗಿರಬೇಕು, ಸೆನ್ಸರ್ ತಾನಾಗಿ ಜಾರಬಾರದು. ಸೆನ್ಸರ್ ಕೊಳವೆ 6 ಮಿಲಿಮೀಟರ್ ದಪ್ಪ, ತೂತೂ ಅಷ್ಟೇ ಇಟ್ಟು ಸ್ಯಾಂಡ್‌ಪೇಪರ್ ಸುರುಳಿಯಿಂದ ಉಜ್ಜಿ ಹೊಂದಿಸಿದರು. ಕಂಬದಲ್ಲಿ ಮೇಲೊಂದು ತೂತು, ಅದಕ್ಕೊಂದು ಮರದ ಗೂಟ. ಪಟ್ಟಿ ಎತ್ತಿ ಗೂಟ ಸಿಕ್ಕಿಸಿದರೆ ಅಲ್ಲೇ ನಿಲ್ಲುತ್ತದೆ. ಕೆಳಗೆ ಪೀಠದ ಮೇಲೆ ಅದೇ ಅಂತರದಲ್ಲಿ ಟೆಸ್ಟ್ ಟ್ಯೂಬ್ ರ್‍ಯಾಕ್. ಐದು ತುದಿಗಳು ಒಟ್ಟಿಗೆ ಮುಳುಗಿ ಒಟ್ಟಿಗೆ ಮೇಲೆ ಬರುತ್ತವೆ, ಇಡೀ ಸಾಧನದ ಮರ್ಮ ಇದೇ.

ಸೆನ್ಸರ್ ಆಗಿ ಡಿಎಸ್18ಬಿ20 ಅನ್ನುವ ಉಷ್ಣಾಂಶ ಅಳೆಯುವ ಚಿಪ್ ಬಳಸಿದೆ, ಸ್ಟೀಲ್ ಕೊಳವೆಯೊಳಗೆ ಇರುವಂಥದ್ದು. ಇದರ ದೊಡ್ಡ ಅನುಕೂಲ ಎಂದರೆ ಐದನ್ನೂ ಒಂದೇ ತಂತಿಗೆ ಜೋಡಿಸಬಹುದು. ಪ್ರತಿಯೊಂದಕ್ಕೂ ತನ್ನದೇ 64 ಬಿಟ್‌ನ ನಂಬರ್ ಇರುತ್ತದೆ, ಅರ್ಡುವಿನೋ (ಸೆನ್ಸರ್ ಓದಿ ಲ್ಯಾಪ್‌ಟಾಪ್‌ಗೆ ಕಳಿಸುವ ಪುಟ್ಟ ಕಂಪ್ಯೂಟರ್ ಬೋರ್ಡ್) ಆ ನಂಬರ್ ಹಿಡಿದು ಕೇಳುತ್ತದೆ. ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಹಳದಿ ಡೇಟಾ. ಎಲ್ಲ ಕೆಂಪು ಒಟ್ಟಿಗೆ, ಎಲ್ಲ ಕಪ್ಪು ಒಟ್ಟಿಗೆ, ಎಲ್ಲ ಹಳದಿ ಒಟ್ಟಿಗೆ, ಹಳದಿಗೂ 5 ವೋಲ್ಟ್‌ಗೂ ನಡುವೆ ಒಂದು ರೆಸಿಸ್ಟರ್. ಸಾಮಾನ್ಯವಾಗಿ 4.7 ಕಿಲೋ ಓಮ್ ಹಾಕುತ್ತಾರೆ. ಆದರೆ ಒಂದೊಂದು ಮೀಟರ್ ಉದ್ದದ ಐದು ಕೇಬಲ್ ಒಂದೇ ಕಡೆ ಸೇರಿದಾಗ ಸಿಗ್ನಲ್ ಸೋಮಾರಿಯಾಗುತ್ತದೆ, ಆಗಾಗ ಒಂದು ಸೆನ್ಸರ್ ಮಾಯ. 2.2 ಕಿಲೋ ಓಮ್ ಹಾಕಿದ ಮೇಲೆ ಆ ಕಾಟ ನಿಂತಿತು. ಕೇಬಲ್ ಕತ್ತರಿಸಿ ಗಿಡ್ಡ ಮಾಡಿದರೂ ನಡೆಯುತ್ತದೆ.

ಒಂದು ಸೆನ್ಸರ್ ಮಾತ್ರ ಹಠ ಹಿಡಿಯಿತು. ಪರದೆಯಲ್ಲಿ 28, 28, 85, 28, 85. ಈ 85 ಅನ್ನುವುದು ಉಷ್ಣಾಂಶವೇ ಅಲ್ಲ. ಚಿಪ್‌ಗೆ ಕರೆಂಟ್ ಬಂದ ಕೂಡಲೇ ಅದರೊಳಗೆ ಇರುವ ಆರಂಭದ ಸಂಖ್ಯೆ ಅದು. ಅಳತೆ ಮಾಡುವ ಮೊದಲೇ ಓದಿದರೆ, ಅಥವಾ ನಡುವೆ ಕರೆಂಟ್ ಹೋಗಿ ಬಂದರೆ 85 ಕಾಣುತ್ತದೆ. ಉಳಿದ ನಾಲ್ಕು ಸರಿ ಇದ್ದ ಕಾರಣ ಪ್ರೋಗ್ರಾಂ ಮೇಲೆ ಅನುಮಾನ ಬರಲಿಲ್ಲ. ಕೇಬಲನ್ನು ಬೆರಳ ನಡುವೆ ಹಿಡಿದು ಸ್ವಲ್ಪ ಸ್ವಲ್ಪವೇ ಬಾಗಿಸುತ್ತ ಹೋದೆ, ಸ್ಟೀಲ್ ಕೊಳವೆಯ ಬಾಯಿಗೆ ಬಂದಾಗ 85 ಬಂತು, ಬಿಟ್ಟರೆ ಸರಿ, ಬಾಗಿಸಿದರೆ ಮತ್ತೆ 85. ಮೇಲಿನ ಹೀಟ್‌ಶ್ರಿಂಕ್ ಪ್ಲಾಸ್ಟಿಕ್ ಹೊದಿಕೆ ಸೀಳಿ ನೋಡಿದರೆ ಕೆಂಪು ತಂತಿಯ ಎಳೆಗಳಲ್ಲಿ ಎರಡೇ ಎರಡು ಉಳಿದಿದ್ದವು. ಒಳಗೆ ಅಂಟು ತುಂಬಿರುತ್ತದೆ, ಅಲ್ಲಿಗೆ ಬೆಸುಗೆ ಹಾಕಲು ಕೈ ಹೋಗುವುದಿಲ್ಲ. ಬದಲಿ ಸೆನ್ಸರ್ ಹಾಕಿದೆ. ಅಂದ ಹಾಗೆ -127 ಬಂದರೆ ಅರ್ಥ ಬೇರೆ, ಸೆನ್ಸರ್ ಸಿಗಲೇ ಇಲ್ಲ ಅಂತ ಲೈಬ್ರರಿ, ಅಂದರೆ ಸೆನ್ಸರ್ ಓದುವ ಸಿದ್ಧ ಕೋಡ್, ಹೇಳುತ್ತಿದೆ, ಡೇಟಾ ತಂತಿ ನೋಡಿ.

ಸೆನ್ಸರ್ ಬದಲಿಸಿದಾಗ ಇನ್ನೊಂದು ವಿಷಯ ಗಮನದಲ್ಲಿರಲಿ. ಒಂದು, ಎರಡು, ಮೂರು ಅಂತ ಕ್ರಮಸಂಖ್ಯೆಯಿಂದ ಓದುವ ಪ್ರೋಗ್ರಾಂ ಇದ್ದರೆ ಹೊಸ ಸೆನ್ಸರ್ ಬಂದ ಕೂಡಲೇ ಸಾಲು ಅದಲುಬದಲಾಗುತ್ತದೆ, ಯಾಕೆಂದರೆ ಆ ಕ್ರಮ ಬರುವುದು ಚಿಪ್‌ನ ನಂಬರಿನಿಂದ, ನೀವು ಜೋಡಿಸಿದ ಜಾಗದಿಂದಲ್ಲ. ಅಸಿಟೋನ್ ಗೆರೆಗೆ ನೀರು ಅಂತ ಹೆಸರು ಬಿದ್ದರೆ ಇಡೀ ಪಾಠ ತಲೆಕೆಳಗು. ಪ್ರತಿ ನಂಬರನ್ನು ಪ್ರೋಗ್ರಾಂನಲ್ಲೇ ಬರೆದಿಡಿ. ಯಾವ ನಂಬರ್ ಯಾವ ಸೆನ್ಸರ್ ಅಂತ ತಿಳಿಯಲು ಒಂದೊಂದನ್ನೇ ಮುಷ್ಟಿಯಲ್ಲಿ ಹಿಡಿದರೆ ಸಾಕು, ಏರಿದ ಗೆರೆಯೇ ಅದು. ಸೆನ್ಸರ್ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆಯಬೇಡಿ, ಐಪಿಎ ತಾಗಿದರೆ ಒರೆಸಿದಂತೆ ಹೋಗುತ್ತದೆ. ನಾನು ಕೇಬಲ್ ಮೇಲ್ಭಾಗಕ್ಕೆ ಬಣ್ಣ ಬಣ್ಣದ ದಾರ ಕಟ್ಟಿದ್ದೇನೆ.

ಡಿಎಸ್18ಬಿ20ಯ ಅಳತೆಯಲ್ಲಿ ಅರ್ಧ ಡಿಗ್ರಿವರೆಗೆ ಹೆಚ್ಚುಕಡಿಮೆ ಇರಬಹುದು ಅಂತ ತಯಾರಕರೇ ಹೇಳುತ್ತಾರೆ. ಬ್ಯುಟನಾಲ್ ಇಳಿಯುವುದೇ ಒಂದೆರಡು ಡಿಗ್ರಿ, ಅಲ್ಲಿ ಅರ್ಧ ಡಿಗ್ರಿ ದೊಡ್ಡ ವಿಷಯ. ಆದ್ದರಿಂದ ಸ್ಟೀಲ್ ಚೊಂಬಿಗೆ ಐಸ್ ಪುಡಿ ತುಂಬಿ, ನೀರು ಸ್ವಲ್ಪವೇ ಹಾಕಿ, ಐದನ್ನೂ ಒಟ್ಟಿಗೆ ಚುಚ್ಚಿ ಕಲಕುತ್ತ ಇಟ್ಟೆ. ಸ್ಥಿರವಾದಾಗ ಯಾವುದು ಸೊನ್ನೆಯಿಂದ ಎಷ್ಟು ದೂರ ನಿಂತಿತೋ ಅಷ್ಟನ್ನು ಪ್ರೋಗ್ರಾಂನಲ್ಲಿ ಕಳೆದೆ. ಅತಿ ಸೂಕ್ಷ್ಮವಾದ 12 ಬಿಟ್ ಅಳತೆಗೆ 750 ಮಿಲಿಸೆಕೆಂಡ್ ಬೇಕು, ಆದರೆ ಎಲ್ಲರಿಗೂ ಒಂದೇ ಆಜ್ಞೆ ಕೊಡಬಹುದು, ಐದೂ ಒಟ್ಟಿಗೆ ಅಳೆಯುತ್ತವೆ. ಎರಡು ಸೆಕೆಂಡಿಗೊಮ್ಮೆ ಓದಿ ಸೀರಿಯಲ್ ಪ್ಲಾಟರ್‌ಗೆ (ಅರ್ಡುವಿನೋ ಸಾಫ್ಟ್‌ವೇರಿನ ಗೆರೆ ಎಳೆಯುವ ಕಿಟಕಿ) ಕಳಿಸಿದರೆ ಲ್ಯಾಪ್‌ಟಾಪ್ ಪರದೆಯಲ್ಲಿ ಐದು ಗೆರೆ ಎಳೆಯುತ್ತ ಹೋಗುತ್ತದೆ.

ತುದಿಗೆ ಫಿಲ್ಟರ್ ಪೇಪರ್ ಪಟ್ಟಿ, ಎಲ್ಲದಕ್ಕೂ ಒಂದೇ ಅಳತೆ, ಒಂದೂವರೆ ಸುತ್ತು. ಹತ್ತಿ ಬೇಡ, ಜಾಸ್ತಿ ದ್ರವ ಹೀರಿ ತೊಟ್ಟಿಕ್ಕುತ್ತಲೇ ಇರುತ್ತದೆ. ರಬ್ಬರ್ ಬ್ಯಾಂಡ್ ಕೂಡ ಬೇಡ, ಹೆಪ್ಟೇನಿನಲ್ಲಿ ಅದು ಉಬ್ಬಿ ಸಡಿಲವಾಗುತ್ತದೆ. ಹೊಲಿಗೆಯ ಹತ್ತಿ ದಾರದಿಂದ ಕಟ್ಟಿದರೆ ಐದೂ ದ್ರವಕ್ಕೆ ಸರಿ. ಕಾಗದ ಸುತ್ತಿದಷ್ಟು ಭಾಗ ಮಾತ್ರ ಮುಳುಗಬೇಕು. ಕೇಬಲ್ ಸೇರುವ ಜಾಗಕ್ಕೆ ಅಸಿಟೋನ್ ತಾಗದಂತೆ ನೋಡಿಕೊಳ್ಳಿ.

ಬೆಂಕಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಸಿಟೋನಿನ ಆವಿ ಹೊತ್ತಿಕೊಳ್ಳಲು ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೂ ಸಾಕು, ಹೆಪ್ಟೇನ್ ಕೂಡ ಸೊನ್ನೆಗಿಂತ ಕೆಳಗೇ ಹೊತ್ತುತ್ತದೆ. ಲ್ಯಾಬಿನ ಬರ್ನರ್ ಎಲ್ಲ ಬಂದ್, ಟ್ಯೂಬಿಗೆ ನಾಲ್ಕೈದು ಮಿಲಿಲೀಟರ್‌ಗಿಂತ ಜಾಸ್ತಿ ಬೇಡ, ಬಾಟಲಿ ಮುಚ್ಚಿ ದೂರ. ಅಳತೆ ಮುಗಿದ ಕೂಡಲೇ ಕಿಟಕಿ ತೆರೆದು ಫ್ಯಾನ್ ಹಾಕಬೇಕು. ಉಳಿದದ್ದನ್ನು ಸಿಂಕಿಗೆ ಸುರಿಯಬಾರದು, ಬೇರೆ ಬಾಟಲಿಗೆ ಹಾಕಿ ಎತ್ತಿಡಿ.

ಈಗ ಫಲಿತಾಂಶ. ಐದು ನಿಮಿಷದೊಳಗೆ, ಗಾಳಿಯಾಡದ ಕೋಣೆಯಲ್ಲಿ, 28 ಡಿಗ್ರಿ ಆಸುಪಾಸಿನಿಂದ ಹೊರಟರೆ ಅಸಿಟೋನ್ ಸುಮಾರು 15 ಡಿಗ್ರಿ ಬೀಳುತ್ತದೆ. ಐಪಿಎ ಏಳರ ಸುತ್ತ. ಹೆಪ್ಟೇನ್ ಆರರ ಸುತ್ತ. ಬ್ಯುಟನಾಲ್ ಎರಡು. ನೀರು ಎರಡು ಮೂರು, ಅದು ಹವೆಯ ಮೇಲೆ ನಿಂತಿದೆ. ನಿಮ್ಮ ಸ್ಟ್ಯಾಂಡಿನಲ್ಲಿ ಅಂಕಿ ಬೇರೆ ಬರಬಹುದು, ಅಸಿಟೋನ್ ಉಳಿದವುಗಳಿಂದ ದೂರ ಕೆಳಗೆ ಇರುವುದು ಮತ್ತು ಐಪಿಎ-ಹೆಪ್ಟೇನ್ ಅಕ್ಕಪಕ್ಕ ಇರುವುದು ಬದಲಾಗಬಾರದು.

ಗೆರೆ ನೋಡಿದ ಕೂಡಲೇ ಮಕ್ಕಳು ತಲೆಕೆಳಗಾದ ತೀರ್ಮಾನಕ್ಕೆ ಬರುತ್ತಾರೆ. "ಅಸಿಟೋನ್ ಜಾಸ್ತಿ ತಂಪಾಯ್ತು, ಅಂದ್ರೆ ಜಾಸ್ತಿ ಶಾಖ ಬೇಕಾಯ್ತು, ಅಂದ್ರೆ ಅದರ ಬಲ ಗಟ್ಟಿ ಅಲ್ವಾ ಸರ್?" ಈ ಪ್ರಶ್ನೆ ಬರಲೇಬೇಕು, ಬರದಿದ್ದರೆ ನಾನೇ ಕೇಳುತ್ತೇನೆ. ಒಂದು ಮೋಲ್ (ಅಣುಗಳ ಒಂದು ನಿಗದಿತ ಎಣಿಕೆ, ಯಾವ ದ್ರವಕ್ಕೂ ಅಷ್ಟೇ) ಅಸಿಟೋನ್ ಆವಿಯಾಗಲು 25 ಡಿಗ್ರಿಯಲ್ಲಿ ಸುಮಾರು 31 ಕಿಲೋಜೌಲ್ ಬೇಕು, ನೀರಿಗೆ 44. ಅಂದರೆ ಒಂದೊಂದು ಅಣುವಿನ ಲೆಕ್ಕದಲ್ಲಿ ನೀರೇ ಜಾಸ್ತಿ ಶಾಖ ಎಳೆಯುತ್ತದೆ. ಆದರೆ ಎಷ್ಟು ಅಣುಗಳು ಹೊರಡುತ್ತಿವೆ ಅನ್ನುವುದೇ ಇಲ್ಲಿ ನಿರ್ಣಾಯಕ. ಅದೇ 25 ಡಿಗ್ರಿಯಲ್ಲಿ ಅಸಿಟೋನಿನ ಆವಿ ಒತ್ತಡ, ಅಂದರೆ ಅಣುಗಳು ದ್ರವದಿಂದ ಹೊರಬರುವ ಒಲವಿನ ಅಳತೆ, 30 ಕಿಲೋಪಾಸ್ಕಲ್‌ಗಿಂತ ಸ್ವಲ್ಪ ಜಾಸ್ತಿ, ನೀರಿನದ್ದು 3.2 ಮಾತ್ರ. ನೀರಿಗೆ ಬಿಡಿಸಿಕೊಳ್ಳಲು ಬೇಕಾದ ಶಕ್ತಿ ಅಸಿಟೋನಿನ ಒಂದೂವರೆ ಪಟ್ಟೂ ಇಲ್ಲ, ಹೊರಡುವವರ ಸಂಖ್ಯೆ ಹತ್ತರಲ್ಲಿ ಒಂದಾಯಿತು. ಸೆನ್ಸರ್ ತೋರಿಸುವುದು ವೇಗ, ಬಲವನ್ನು ನೇರವಾಗಿ ಅಲ್ಲ. ಇಳಿಕೆ ಕಡಿಮೆ ಇದ್ದರೆ ಹಿಡಿತ ಬಿಗಿ.

ಹಾಗೇ ಇನ್ನೊಂದು ಗೊಂದಲವನ್ನೂ ಇಲ್ಲೇ ತೆಗೆಯಬೇಕು. ನೀರು ಆವಿಯಾಗುವಾಗ ಆಕ್ಸಿಜನ್-ಹೈಡ್ರೋಜನ್ ಬಂಧ ಮುರಿಯುತ್ತದೆ ಅಂತ ಬರೆಯುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ಆ ಬಂಧಕ್ಕೆ ಮೋಲಿಗೆ 463 ಕಿಲೋಜೌಲ್ ಬೇಕು, ನೀರಿನ ಅಣುಗಳ ನಡುವಿನ ಹೈಡ್ರೋಜನ್ ಬಂಧಕ್ಕೆ 20ರ ಆಸುಪಾಸು. ಆವಿಯಾದರೂ ಅದು ನೀರೇ.

ಅಸಿಟೋನ್ ಮತ್ತು ಐಪಿಎ ಗೆರೆಗಳ ನಡುವಿನ ಅಂತರವೇ ಹೈಡ್ರೋಜನ್ ಬಂಧದ ಕೆಲಸ. ಕುದಿಬಿಂದು ನೋಡಿದರೂ ಅದೇ ಕಥೆ, 56 ಮತ್ತು 82. ಇದೇ ಸಾಲಿಗೆ ಬ್ಯುಟೇನನ್ನೂ ಸೇರಿಸಿ ಬೋರ್ಡಿನ ಮೇಲೆ ಬರೆಯುತ್ತೇನೆ. ನಮ್ಮ ಅಡುಗೆ ಅನಿಲದ ಸಿಲಿಂಡರಿನಲ್ಲಿ ಪ್ರೊಪೇನ್ ಜೊತೆ ಇರುವ ಬ್ಯುಟೇನ್, ಅಣುತೂಕ ಅಸಿಟೋನಿನಷ್ಟೇ, 58, ಕುದಿಬಿಂದು -0.5. ಬರೀ ಲಂಡನ್ ಬಲ ಇದ್ದರೆ ಸೊನ್ನೆಯ ಹತ್ತಿರ, ಡೈಪೋಲ್ ಸೇರಿದರೆ 56, ಹೈಡ್ರೋಜನ್ ಬಂಧವೂ ಸೇರಿದರೆ 82. ಪುಸ್ತಕದ ಪಟ್ಟಿ ಇಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ, ಯಾಕೆಂದರೆ ಮೂರೂ ಒಂದೇ ಗಾತ್ರ.

ಆಮೇಲೆ ಹೆಪ್ಟೇನ್ ಗೆರೆಯ ಮೇಲೆ ಕೈ ಇಡುತ್ತೇನೆ. ಡೈಪೋಲ್ ಇಲ್ಲ, ಹೈಡ್ರೋಜನ್ ಬಂಧ ಇಲ್ಲ, ಆದರೂ ಐಪಿಎ ಪಕ್ಕದಲ್ಲೇ ಇದೆ. 25 ಡಿಗ್ರಿಯಲ್ಲಿ ಇವೆರಡರ ಆವಿ ಒತ್ತಡವೂ ಹತ್ತಿರ ಹತ್ತಿರ, ಎರಡೂ 6 ಕಿಲೋಪಾಸ್ಕಲ್ ಸುತ್ತ. ಹೆಪ್ಟೇನಿನ ಕುದಿಬಿಂದು 98 ಡಿಗ್ರಿ, ನೀರಿಗಿಂತ ಎರಡೇ ಡಿಗ್ರಿ ಕಡಿಮೆ! ಇನ್ನೊಂದು ಇಂಗಾಲ ಸೇರಿಸಿ ಆಕ್ಟೇನ್ ಮಾಡಿದರೆ 126, ನೀರನ್ನೇ ಹಿಂದೆ ಹಾಕಿತು. ಲಂಡನ್ ಬಲ ಹುಟ್ಟುವುದು ಇಲೆಕ್ಟ್ರಾನ್ ಮೋಡ ಕ್ಷಣಕ್ಷಣಕ್ಕೂ ಆಚೀಚೆ ಸರಿಯುವುದರಿಂದ, ಇದನ್ನು ಫ್ರಿಟ್ಸ್ ಲಂಡನ್ 1930ರಲ್ಲಿ ಕ್ವಾಂಟಂ ಲೆಕ್ಕದಿಂದ ವಿವರಿಸಿದರು. ಇಲೆಕ್ಟ್ರಾನ್ ಜಾಸ್ತಿ ಇದ್ದಷ್ಟೂ, ಅಣು ಉದ್ದವಾಗಿ ಪಕ್ಕದ್ದಕ್ಕೆ ತಾಗುವ ಜಾಗ ಜಾಸ್ತಿ ಇದ್ದಷ್ಟೂ ಈ ಬಲ ಕೂಡುತ್ತ ಹೋಗುತ್ತದೆ. ಒಂದೊಂದು ತಾಗುವ ಜಾಗ ದುರ್ಬಲ, ಒಟ್ಟು ಮೊತ್ತ ದುರ್ಬಲವಲ್ಲ.

ಇದನ್ನು ನಂಬದವರಿಗೆ ಹೈಡ್ರೋಜನ್ ಹ್ಯಾಲೈಡ್‌ಗಳ ಸಾಲು ತೋರಿಸಬಹುದು. ಎಚ್‌ಸಿಎಲ್, ಎಚ್‌ಬಿಆರ್, ಎಚ್‌ಐ. ಡೈಪೋಲ್ ಮೊಮೆಂಟ್ (ಡೈಪೋಲ್ ಎಷ್ಟು ದೊಡ್ಡದು ಅನ್ನುವ ಅಳತೆ, ಡಿಬೈ ಅದರ ಮಾನ) 1.08, 0.82, 0.44 ಡಿಬೈ ಅಂತ ಇಳಿಯುತ್ತದೆ, ಕುದಿಬಿಂದು ಮಾತ್ರ -85, -67, -35 ಅಂತ ಏರುತ್ತದೆ. ಡೈಪೋಲ್ ಅರ್ಧಕ್ಕಿಂತ ಕಡಿಮೆಯಾದರೂ ಲಂಡನ್ ಬಲ ಗೆದ್ದಿತು.

ಬ್ಯುಟನಾಲ್ ಗೆರೆಯಲ್ಲಿ ಎರಡೂ ಒಟ್ಟಿಗಿವೆ. ಐಪಿಎಯಲ್ಲಿರುವ ಹಾಗೆಯೇ ಒಂದು ಒಎಚ್ (ಆಕ್ಸಿಜನ್-ಹೈಡ್ರೋಜನ್ ಜೋಡಿ), ಬಾಲ ಮಾತ್ರ ಉದ್ದ, ಕುದಿಬಿಂದು 117. ಇಷ್ಟೇ ಪರಮಾಣುಗಳನ್ನು ಬೇರೆ ರೀತಿ ಜೋಡಿಸಿದರೆ ಡೈಈಥೈಲ್ ಈಥರ್, ಅದು 35 ಡಿಗ್ರಿಯಲ್ಲೇ ಕುದಿಯುತ್ತದೆ. ಈಥರನ್ನು ತರಗತಿಗೆ ತರುವುದಿಲ್ಲ, ಬೆಂಕಿಯ ಭಯ ಜಾಸ್ತಿ, ಅಂಕಿ ಸಾಕು.

ಕರಾವಳಿಯಲ್ಲಿ ಈ ಸ್ಟ್ಯಾಂಡ್ ಇಟ್ಟುಕೊಂಡವರಿಗೆ ಮಳೆಗಾಲದಲ್ಲಿ ಒಂದು ವಿಚಿತ್ರ ಕಾಣುತ್ತದೆ, ನನಗೆ ಇಡೀ ಸಾಧನದಲ್ಲಿ ತುಂಬಾ ಹಿಡಿಸಿದ್ದು ಅದೇ. ಜುಲೈಯಲ್ಲಿ ನೀರಿನ ಗೆರೆ ಅಲ್ಲಾಡುವುದೇ ಕಷ್ಟ, ಗಾಳಿಯಲ್ಲಿ ಆಗಲೇ ನೀರಾವಿ ತುಂಬಿರುವುದರಿಂದ ಹೋದಷ್ಟೇ ಅಣುಗಳು ಮರಳಿ ಬರುತ್ತವೆ. ನೀರಿನ ಬಲ ಬದಲಾಗಿಲ್ಲ, ಸುತ್ತಲಿನ ಗಾಳಿ ಬದಲಾಗಿದೆ. ಅಸಿಟೋನ್ ಮಾತ್ರ ಎಂದಿನಂತೆ ಕೆಳಗೆ ಧುಮುಕಿತು, ಸ್ವಲ್ಪ ಹೊತ್ತಿಗೆ ಒಣಗಿ ಮೇಲೇರಲು ಶುರುವಾಯಿತು. ಆದರೆ ಕೋಣೆಯ ಉಷ್ಣಾಂಶಕ್ಕೆ ಮುಟ್ಟಲೇ ಇಲ್ಲ. ನೀರಿನ ಗೆರೆ ಇದ್ದ ಎತ್ತರಕ್ಕೆ ಬಂದು ಅದರ ಜೊತೆಗೇ ಸಮತಟ್ಟಾಗಿ ಓಡಿತು. ಮುಟ್ಟಿ ನೋಡಿದರೆ ಕಾಗದ ಒದ್ದೆ, ಮೂಗಿಗೆ ಅಸಿಟೋನ್ ವಾಸನೆ ಇಲ್ಲ. ತುದಿ ಅಷ್ಟು ತಣ್ಣಗಾದಾಗ ಗಾಳಿಯ ತೇವವೇ ಅದರ ಮೇಲೆ ಇಬ್ಬನಿಯಾಗಿ ಕೂತಿತ್ತು. ಅಸಿಟೋನ್ ಹೋದ ಮೇಲೆ ಉಳಿದದ್ದು ಆ ನೀರು. ಹಾಗಾಗಿ ಸಾಲಾಗಿ ಎರಡು ಸಲ ಮಾಡುವಾಗ ಕಾಗದ ಒಣಗಿದೆ ಅಂತ ಭಾವಿಸಬೇಡಿ, ಪ್ರತಿ ಸಲ ಹೊಸ ಪಟ್ಟಿ ಸುತ್ತಿ.

ಆರನೇ ತೂತಿಗೆ ಮಕ್ಕಳೇ ಕೆಲಸ ಹುಡುಕಿದರು. ಒಬ್ಬಳು ಕೊಬ್ಬರಿ ಎಣ್ಣೆ ಹಾಕಿ ನೋಡೋಣ ಅಂದಳು. ಹಾಕಿದೆವು. ಗೆರೆ ನೆಟ್ಟಗೆ ಹೋಯಿತು, ಒಂದಿಷ್ಟೂ ಇಳಿಯಲಿಲ್ಲ. ಕೊಬ್ಬರಿ ಎಣ್ಣೆಯ ಅಣುವಿಗೆ ಇನ್ನೊಂದರ ಜೊತೆ ಹೈಡ್ರೋಜನ್ ಬಂಧ ಕಟ್ಟಲು ಬರುವುದಿಲ್ಲ, ಎಸ್ಟರ್ ಗುಂಪುಗಳಿಂದ ಸ್ವಲ್ಪ ಡೈಪೋಲ್, ಉಳಿದದ್ದೆಲ್ಲ ಮೂರು ಉದ್ದ ಬಾಲಗಳ ಲಂಡನ್ ಬಲ. ಅಣುತೂಕ 600 ದಾಟುತ್ತದೆ. ನೀರು ಆರುತ್ತದೆ, ಎಣ್ಣೆ ಆರುವುದಿಲ್ಲ.

ಮುಂದೆ ಆ ತೂತಿಗೆ ಟರ್ಟ್-ಬ್ಯುಟನಾಲ್ ಹಾಕಬೇಕು ಅಂತಿದೆ. ಬ್ಯುಟನಾಲಿನದ್ದೇ ಸೂತ್ರ, ಒಂದು ಒಎಚ್, ತೂಕವೂ 74, ಆದರೆ ಅಣು ಉದ್ದವಾಗಿರದೆ ಗುಂಡಗಿದೆ. ಕುದಿಬಿಂದು 117ರಿಂದ 82ಕ್ಕೆ ಇಳಿಯುತ್ತದೆ. ಅದು ಕರಗುವುದು 25 ಡಿಗ್ರಿ ಹತ್ತಿರ, ಬೆಳಗಿನ ಹೊತ್ತು ಬಾಟಲಿಯಲ್ಲಿ ಗಟ್ಟಿಯಾಗಿರುತ್ತದೆ. ಬಿಸಿನೀರಿನಲ್ಲಿ ನಿಲ್ಲಿಸಿ ಕರಗಿಸಿ, ಉಳಿದ ದ್ರವಗಳ ಉಷ್ಣಾಂಶಕ್ಕೆ ತಂದು, ಮಧ್ಯಾಹ್ನದ ಸೆಕೆಯಲ್ಲಿ ಮಾಡಬೇಕು. ಅದರಲ್ಲೂ ಅದು ತಣ್ಣಗಾಗುತ್ತ ಕಾಗದದ ಮೇಲೆ ಮತ್ತೆ ಗಟ್ಟಿಯಾದರೆ ಗೆರೆಯಲ್ಲಿ ಒಂದು ತಡೆ ಕಾಣಬೇಕು. ಬಾಟಲಿ ತರಿಸಿದ್ದೇನೆ. ಮಾಡಿ ನೋಡುವುದೊಂದು ಬಾಕಿ ಇದೆ.